ಎಡಪುಟದ ನರಿ

ನಮ್ಮ ಮನೆಯ ಕಡತ ಇದು. ಅರಮನೆಯ ಕರಣಿಕ
ಚೆನ್ನವೀರಯ್ಯ, ನನ್ನ ಅಜ್ಜನ ಮುತ್ತಜ್ಜ,
ಮಡಿಕೇರಿ ಕೋಟೆಯಲ್ಲಿ ಕೂತು ಬರೆದದ್ದು.
ಎಡಕ್ಕೆ ಕೊಡವರ ಹಾಡು, ಬಲಕ್ಕೆ ಕನ್ನಡ.
ಅಕ್ಷರ ಮಾತ್ರ ಎರಡೂ ಕಡೆ ನಮ್ಮದೇ.
ನಡುವೆ ಹೊಲಿಗೆಯ ದಾರ,
ದಾರದುದ್ದಕ್ಕೂ ಹುಳು ಕೊರೆದ ತೂತು.
ಹುಳುವಿಗೆ ಎರಡು ನುಡಿಯೂ ಒಂದೇ ರುಚಿ.

ಶುರುವಿಗೆ ಆರು ಸಾಲು ಸಂಸ್ಕೃತ:
ದೇಶಭಾಷೆಯಲ್ಲಿ ಬರೆಯುವ ಧಾರ್ಷ್ಟ್ಯವನ್ನು
ಬಲ್ಲವರು ಮನ್ನಿಸಬೇಕು.
ಆಮೇಲೆ ಕನ್ನಡಕ್ಕಿಳಿದು:
ಲಿಪಿಯಿಲ್ಲದ ಈ ಗುಡ್ಡದ ಮಾತನ್ನು
ತೊಳೆದು, ತಿದ್ದಿ, ಸಭೆಗೆ ತಂದಿದ್ದೇನೆ.
ಒಂದೇ ಪುಟದಲ್ಲಿ ನಡು ಬಗ್ಗಿಸಿದವನು
ಅಲ್ಲೇ ಕೆಳಗೆ ಮೀಸೆ ತಿರುವಿದ್ದಾನೆ.

ನನಗೇನು ನಗುವ ಹಕ್ಕು?
ವಿರಾಜಪೇಟೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ.
ತರಗತಿಯಲ್ಲಿ ಕೊಡವ ತಕ್ಕ್ ಆಡಿದವರಿಗೆ
ನಾಲ್ಕಾಣೆ ದಂಡ.
ಆ ಡಬ್ಬಿಯ ದುಡ್ಡಲ್ಲಿ ಶಾಲೆಗೆ
ನಿಘಂಟು ಕೊಂಡಿದ್ದೆವು.

ಎಂಟನೇ ಕ್ಲಾಸಿನಲ್ಲಿ ಅತಿ ಹೆಚ್ಚು ದಂಡ ತೆತ್ತವಳು
ಚೋಂದಮ್ಮ. ಈಗ ಪಕ್ಕದ ಮನೆ, ಮಂಡಿನೋವು.
ನಿನ್ನೆ ಬಂದು ಕೂತಳು. 'ಗಟ್ಟಿಯಾಗಿ ಓದಿ, ಮಾಷ್ಟ್ರೇ.'
ಬಲಪುಟ ಓದಿದೆ:
ವೀರನು ಹಳ್ಳ ದಾಟಿ ನರಿಯನ್ನು ಕೊಂದನು.
ಊರು ಅವನನ್ನು ಮದುಮಗನಂತೆ ಮೆರೆಸಿತು.
ತಾಯಿ ಬಂದು ಹಾಲು ಕುಡಿಸಿದಳು.

ಅವಳ ನಗು ಗಡಿಯಾರ ಕಂಬದವರೆಗೆ ಕೇಳಿರಬೇಕು.
'ನರಿ ಕೊಂದವನಿಗೆ ಮೆರವಣಿಗೆಯಾ?
ನಮ್ಮಲ್ಲಿ ನರಿ ಅಂದರೆ ಹುಲಿ, ಮಾಷ್ಟ್ರೇ, ಹುಲಿ!
ಅದನ್ನು ತೂಗುಹಾಕಿ, ಪಕ್ಕದಲ್ಲಿ ಅವನನ್ನು ಕೂರಿಸಿ,
ಅಕ್ಕಿ ಹಾಕಿ ಮದುವೆ ಮಾಡುತ್ತಿದ್ದರು.
ನಿಮ್ಮ ಗುಳ್ಳೆನರಿಗೆ ಯಾರು ಹಾಕ್ತಾರೆ ಚಪ್ಪರ?'
ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು:
'ತಾಯಿ ಅಂದರೆ ಅಜ್ಜಿ. ಹೆತ್ತವಳು ಅವ್ವ.
ಅವ್ವ ಎಲ್ಲಿ ಹೋದಳು?'

ಎಡಪುಟ ನೋಡಿದೆ. ನರಿ. ತಾಯಿ.
ಅದೇ ತಲೆಕಟ್ಟು, ಅದೇ ಗುಡಿಸು.
ದಾರ ದಾಟುವಾಗ ಒಂದು ಹುಲಿ ಕುಗ್ಗಿದೆ,
ಒಬ್ಬ ಮುದುಕಿಯ ಕೂದಲು ಕಪ್ಪಾಗಿದೆ.
ಇಬ್ಬರು ತಾಯಂದಿರೇಕೆಂದು
ಅವ್ವನನ್ನು ಅಲ್ಲೇ ಬಿಟ್ಟು ಬಂದಿದ್ದಾನೆ.

ಚರ್ಚಿನ ಫಾದರ್ ಲಾಜರಸ್‌ಗೆ ಹೇಳಿದೆ. ಓದಿಕೊಂಡವರು.
ಏಳೆಂಟು ನೂರು ವರ್ಷದ ಕೆಳಗೆ, ಹಿಮದ ನಾಡಿನ ದೊರೆಯೊಬ್ಬ
ಫ್ರೆಂಚರ ಹಾಗೆ ಉಣ್ಣಬೇಕು, ಉಡಬೇಕೆಂದು
ಅವರ ಪ್ರೇಮದ ಕತೆಗಳನ್ನು ತನ್ನ ನುಡಿಗೆ ತರಿಸಿದನಂತೆ,
ಅದೂ ಸನ್ಯಾಸಿಯ ಕೈಯಲ್ಲಿ.
ಸನ್ಯಾಸಿ ನಿಟ್ಟುಸಿರನ್ನೆಲ್ಲ ಕತ್ತರಿಸಿ
ಕುದುರೆ, ಕತ್ತಿ, ಕೈತೊಳೆಯುವ ಬೋಗುಣಿ ಉಳಿಸಿದ.
'ಅಲ್ಲಿ ಕೆಳಗಿದ್ದವರು ಮೇಲಿನದನ್ನು ತರಿಸಿಕೊಂಡರು.
ನಿಮ್ಮಜ್ಜ ಮೇಲೆ ಕೂತು ಕೆಳಗಿನದನ್ನು ತರಿಸಿದ.
ಎರಡು ಕಡೆಯೂ ಬೋಗುಣಿ ಉಳಿಯುತ್ತೆ, ಗಮನಿಸಿ'
ಎಂದರು ಫಾದರ್, ಚಹಾ ಆರಿಸುತ್ತ.

ಅವನಿಗೆ ಗೊತ್ತಿರಲಿಲ್ಲವೇ?
ಇಪ್ಪತ್ತು ವರ್ಷ ಈ ಬೆಟ್ಟದ ಉಪ್ಪುಂಡು?
ಅಥವಾ ಸಭೆಯಲ್ಲಿ ಒಂದೇ ಹುಲಿ ಇರಬೇಕಿತ್ತೇ,
ಗದ್ದುಗೆಯ ಮೇಲೆ?

ರಾತ್ರಿ ಭೂತಗನ್ನಡಿಯಲ್ಲಿ ಅಂಚಿನ ಬರಹ ಸಿಕ್ಕಿತು:
ಹಾಡಿದವನು ಬಿರುನಾಣಿಯ ಪೆಮ್ಮಯ್ಯ.
ಓದಿ ಕೇಳಿಸಲಾಗಿ, ಸರಿಯೆಂದು ತಲೆಯಾಡಿಸಿದ.

ಕಂದಾಯ ಕಟ್ಟುವಷ್ಟು ಕನ್ನಡ ಅವನಿಗೂ ಬರುತ್ತಿತ್ತು.
ಗುಳ್ಳೆನರಿ ಎಂದು ಕೇಳಿಸಿಯೂ ಇರಬೇಕು.
ತಲೆಯಾಡಿಸಿ, ದುಡಿಯನ್ನು ಬಗಲಿಗೇರಿಸಿ,
ಕೋಟೆಯ ಬಾಗಿಲು ದಾಟಿ ನಡೆದ,
ಹಿಂದೆ ಹಿಂದೆಯೇ, ಯಾವ ಕಾವಲಿನವನಿಗೂ ಕಾಣದೆ,
ಪಟ್ಟೆಪಟ್ಟೆಯಾಗಿ ಒಂದು.

ಇವತ್ತಿನಿಂದ ಚೋಂದಮ್ಮ ನನಗೆ ಪಾಠ.
ಮೊದಲ ಸಾಲಲ್ಲೇ ಕನ್ನಡ ಬಾಯಿಗೆ ಬಂತು.
'ನಾಲ್ಕಾಣೆ,' ಎಂದು ಕೈ ಚಾಚಿದಳು.
ಆ ನಾಣ್ಯ ಈಗ ನಡೆಯುವುದಿಲ್ಲ ಎಂದೆ.
'ಬಾಕಿ ಬರೆದಿಡಿ ಮಾಷ್ಟ್ರೇ,
ಎಡಪುಟದಲ್ಲಿ.'